ಅಣಬೆಯುಣ್ಣುವ ದುಂಬಿಗಳ ಸೀಮೆಯಲ್ಲಿ

ನನ್ನ ಮೇಜಿನೆದುರಿನ ಗೋಡೆಗೆ ಒಂದು ನಕ್ಷೆ ಅಂಟಿಸಿಕೊಂಡಿದ್ದೇನೆ. ಅದರ ತುಂಬ ಕೆಂಪು ಚುಕ್ಕಿಗಳು. ಗಿಲ್ಬರ್ಟ್ ಆರೋ ಎಂಬ ಇಂಗ್ಲಿಷ್ ಕೀಟತಜ್ಞರು 1925ರಲ್ಲಿ, ಬ್ರಿಟಿಷ್ ಇಂಡಿಯಾದ ಜೀವರಾಶಿಯನ್ನು ವಿವರಿಸುವ ಗ್ರಂಥಮಾಲೆಗೆ ಒಂದು ಸಂಪುಟ ಬರೆದುಕೊಟ್ಟರು. ಅಣಬೆ ತಿಂದು ಬದುಕುವ ದುಂಬಿಗಳ ಎರಡು ದೊಡ್ಡ ಕುಟುಂಬಗಳು, ಎರೋಟಿಲಿಡೇ ಮತ್ತು ಎಂಡೋಮೈಕಿಡೇ, ಅದರಲ್ಲಿವೆ. ಒಂದೊಂದು ದುಂಬಿಯ ವರ್ಣನೆ ಮುಗಿದ ಮೇಲೂ ಅದು ಸಿಕ್ಕ ಜಾಗದ ಹೆಸರು ಬರುತ್ತದೆ. ಆ ಹೆಸರುಗಳನ್ನೇ ರಾತ್ರಿ ಹೊತ್ತು ಹುಡುಕಿ ಹುಡುಕಿ ಚುಕ್ಕಿಯಿಟ್ಟವಳು ನಾನು. ನೀಲಗಿರಿಯ ಮೇಲೆ ಚುಕ್ಕಿಗಳು ಒತ್ತೊತ್ತಾಗಿ ಬಿದ್ದವು. ಡಾರ್ಜಿಲಿಂಗ್, ಅಸ್ಸಾಂ, ಸಿಂಹಳಗಳಲ್ಲೂ ಹಾಗೆಯೇ. ಭೀಮೆ ಹೋಗಿ ಕೃಷ್ಣೆಯನ್ನು ಸೇರುವ ಮೂಲೆಯಲ್ಲಿ, ಯಾದಗಿರಿ, ಶಹಾಪುರ, ಸುರಪುರ ಎಂದು ಅಚ್ಚಾಗಿರುವ ಕಡೆ, ಕಾಗದ ಬೋಳಾಗಿಯೇ ಉಳಿಯಿತು.

ಆರೋ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು, ತಮಗೆ ಬಂದು ತಲುಪಿದ ಹುಳುಗಳನ್ನು ನೋಡಿ ಬರೆದವರು. ಹುಳು ಹಿಡಿದು ಕಳಿಸಿದವರಲ್ಲಿ ತೋಟದವರು, ಅರಣ್ಯದ ಅಧಿಕಾರಿಗಳು ಬಹಳ. ಅವರ ಬಂಗಲೆ ಇದ್ದದ್ದು ತಂಪು ಬೆಟ್ಟದ ಮೇಲೆ. ಆಮೇಲೆ 1972ರಲ್ಲಿ ಜಿನೀವಾ ಮ್ಯೂಸಿಯಮ್ಮಿನ ಕ್ಲಾಡ್ ಬೆಸುಶೆ, ಇವಾನ್ ಲೋಬ್ಲ್ ಮತ್ತು ಅವರ ಜೊತೆಗಾರ ಮುಸ್ಸಾರ್ ದಕ್ಷಿಣ ಭಾರತಕ್ಕೆ ಬಂದು, ಕಾಡಿನ ತರಗೆಲೆಯನ್ನು ಜರಡಿ ಹಿಡಿದು, ಎಳ್ಳಿನ ಕಾಳಿಗಿಂತ ಸಣ್ಣ ಅಣಬೆ ದುಂಬಿಗಳನ್ನು ರಾಶಿ ರಾಶಿ ಒಯ್ದರು. ಆ ರಾಶಿಯಿಂದ ಎಷ್ಟೋ ಹೊಸ ಜಾತಿಗಳು ಹೊರಬಂದವು. ಅವರು ಹೆಚ್ಚಾಗಿ ತಿರುಗಿದ್ದೂ ನೀಲಗಿರಿ, ಪಳನಿ, ಆನೈಮಲೈ, ಏಲಕ್ಕಿ ಬೆಟ್ಟಗಳನ್ನೇ. ಎರಡು ಪೀಳಿಗೆಯ ಚುಕ್ಕಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ನನಗೆ ಕಂಡದ್ದು ಇಷ್ಟು: ನಕ್ಷೆಯಲ್ಲಿ ಮೂಡಿರುವುದು ಹುಡುಕಿದವರ ಹೆಜ್ಜೆ. ದುಂಬಿಯ ಹೆಜ್ಜೆಯನ್ನು ಇನ್ನೂ ಯಾರೂ ಪೂರ್ತಿ ಬರೆದಿಲ್ಲ.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ಅಣಬೆಗೂ ಬರವಿಲ್ಲ, ಅದನ್ನು ತಿನ್ನುವ ದುಂಬಿಗೂ ಬರವಿಲ್ಲ. ಆಗುಂಬೆಯ ಕೊಳೆತ ದಿಮ್ಮಿಯ ಮೇಲೆ ಯೂಮಾರ್ಫಸ್ ಎಂಬ ದುಂಬಿ ಕೂತಿರುತ್ತದೆ. ಕಡುನೇರಳೆ ಮೈ, ಬೆನ್ನಿಗೆ ನಾಲ್ಕು ಹಳದಿ ಬೊಟ್ಟು. ಮುಟ್ಟಿದರೆ ಕಾಲಿನ ಗೆಣ್ಣಿನಿಂದ ಕಹಿಯಾದ ಹಳದಿ ನೀರು ಒಸರುತ್ತದೆ. ಅಂಥ ಚೆಲುವರ ನಡುವೆ ಬೆಳೆದವಳಿಗೆ ಯಾದಗಿರಿ ಎಂದರೆ ಬಿಸಿಲು, ಬಂಡೆ, ತೊಗರಿ ಎಂದಷ್ಟೇ ಗೊತ್ತು. ಆದರೆ ಆ ಬೋಳು ಕಾಗದ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಉತ್ತರೆ ಮಳೆ ಮುಗಿದು ಹಸ್ತ ಕಾಲಿಡುವ ಹೊತ್ತಿಗೆ, ಸೆಪ್ಟೆಂಬರಿನ ಕೊನೆಯಲ್ಲಿ, ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಆ ಸೀಮೆಗೆ ಮಳೆ ಹೆಚ್ಚು ಸುರಿಯುವ ತಿಂಗಳು ಅದು.

ರೈಲು ರಾಯಚೂರು ದಾಟಿ ಕೃಷ್ಣೆಯ ಸೇತುವೆ ಮೇಲೆ ಗುಡುಗಿದಾಗ ಇನ್ನೂ ಕತ್ತಲು. ಯಾದಗಿರಿಯಲ್ಲಿ ಇಳಿದರೆ ಗಾಳಿಯಲ್ಲಿ ಒದ್ದೆ ಮಣ್ಣಿನ ವಾಸನೆ. ಸ್ಟೇಷನ್ನಿನ ಹೊರಗೆ ಒಗ್ಗರಣಿ-ಮಿರ್ಚಿಯ ಬಂಡಿ ಆಗಲೇ ಹೊಗೆಯಾಡುತ್ತಿತ್ತು. ಊರಿನ ತಲೆಯ ಮೇಲೆ ಕೋಟೆಯ ಬೆಟ್ಟ. ಯಾದವರು, ಬಹಮನಿಗಳು, ಆದಿಲಶಾಹಿಗಳು ಒಬ್ಬರ ಗೋಡೆಯ ಮೇಲೆ ಮತ್ತೊಬ್ಬರು ಗೋಡೆ ಏರಿಸಿದ ಬೆಟ್ಟ ಅದು. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾದ ಮೇಲೆ ಊರು ಕೆಳಗೆ ಹರಡುತ್ತಲೇ ಇದೆ, ಬೆಟ್ಟ ಮಾತ್ರ ತನ್ನ ಪಾಡಿಗೆ ಸೀತಾಫಲದ ಗಿಡಗಳನ್ನು ಹೊದ್ದು ನಿಂತಿದೆ.

ಮೆಟ್ಟಿಲು ಅರ್ಧ ಏರುವಷ್ಟರಲ್ಲಿ, ಗೋಡೆಯ ಸಂದಿನಲ್ಲಿ ಬೆಳೆದು ಸತ್ತ ಬೇವಿನ ಮೋಟು ಸಿಕ್ಕಿತು. ಅದರ ಮಗ್ಗುಲಿಗೆ ಅಂಗೈಯಗಲದ ಮರದಣಬೆ. ಕೊಡೆಯ ಆಕಾರದ್ದಲ್ಲ, ಗೋಡೆಗೆ ಹೊಡೆದ ಹಲಗೆಯಂತೆ ಅಡ್ಡಕ್ಕೆ ಚಾಚಿಕೊಂಡ, ಕಟ್ಟಿಗೆಯಷ್ಟೇ ಗಟ್ಟಿಯಾದ ಜಾತಿ. ಕೆಳಗೆ ಬಿಳಿ ಕರವಸ್ತ್ರ ಹಿಡಿದು ಬೆರಳಿನಿಂದ ನಾಲ್ಕು ಸಲ ತಟ್ಟಿದೆ. ಕಂದು ಹಿಟ್ಟು ಉದುರಿತು. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಹಿಟ್ಟಿನ ಒಂದು ಕಣ ನಡೆಯತೊಡಗಿತು. ಇನ್ನೊಂದು ನಡೆಯಿತು. ಮೂರನೆಯದು.

ಹತ್ತುಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಕಣ್ಣಿಗೊತ್ತಿಕೊಂಡೆ. ಎರಡು ಮಿಲಿಮೀಟರಿನ ಉರುಟು ದೇಹ, ಸಣ್ಣ ಗುಳಿಗೆಯ ಹಾಗೆ. ಬೆನ್ನಿನ ಮೇಲೆ ಸಾಲಾಗಿ ನಿಂತ ಬಿಳಿ ಕುಚ್ಚುಗೂದಲು. ಮೀಸೆಯ ತುದಿಯಲ್ಲಿ ಮೂರು ಮಣಿ. ಸಿಯಿಡೇ ಕುಟುಂಬ! ಲೋಕದಲ್ಲೆಲ್ಲ ಸೇರಿ ಏಳುನೂರರಷ್ಟು ಜಾತಿಗಳಿರುವ ಈ ಕುಟುಂಬಕ್ಕೆ ಮರದಣಬೆಯೇ ಮನೆ, ಅದೇ ಊಟ. ತಾಯಿ ಅದರೊಳಗೆ ಮೊಟ್ಟೆಯಿಡುತ್ತದೆ, ಮರಿ ಅದನ್ನೇ ಕೊರೆದು ತಿನ್ನುತ್ತದೆ, ದೊಡ್ಡದಾಗಿ ಅಲ್ಲೇ ಜೊತೆಗೂಡುತ್ತದೆ. ಅಜ್ಜ, ಮಗ, ಮೊಮ್ಮಗ ಎಲ್ಲ ಒಂದೇ ಅಣಬೆಯಲ್ಲಿ ಬಾಳಿ, ಅದು ಒಳಗೊಳಗೇ ಹಿಟ್ಟಾಗಿ ಬರಿ ಸಿಪ್ಪೆ ಉಳಿದ ಮೇಲಷ್ಟೇ ಹೊರಗೆ ಹಾರುತ್ತವೆ. ಹಾಗೆ ಹಾರಿದ್ದು ಕತ್ತಲಲ್ಲಿ ಇನ್ನೊಂದು ಮೋಟಿನ ವಾಸನೆ ಹಿಡಿಯಬೇಕು. ಬಂಡೆಗಲ್ಲು ಕಾದು ಕುದಿಯುವ ಈ ಬೆಟ್ಟದಲ್ಲಿ ಒಂದು ಸತ್ತ ಬೇವಿಗೂ ಇನ್ನೊಂದು ಸತ್ತ ಬೇವಿಗೂ ಎಷ್ಟು ದೂರ ಎಂದು ತಲೆಯೆತ್ತಿ ನೋಡಿದೆ. ಎರಡು ಮಿಲಿಮೀಟರಿನ ಜೀವ ಆ ದೂರವನ್ನು ದಾಟಿ ಬಂದಿದೆ.

ಕರವಸ್ತ್ರದ ಮೇಲಿದ್ದ ಮೂರಕ್ಕೂ ಕೊಂಬಿರಲಿಲ್ಲ. ಈ ಕುಟುಂಬದ ಬಹಳಷ್ಟು ಜಾತಿಗಳಲ್ಲಿ ಗಂಡಿಗೆ ತಲೆಯ ಮೇಲೋ ಎದೆಯ ಅಂಚಿನಲ್ಲೋ ಪುಟ್ಟ ಕೊಂಬು. ಆ ಕೊಂಬಿನ ಆಕಾರ ನೋಡಿ, ಹೊಟ್ಟೆಯೊಳಗಿನ ಗಂಡಿನ ಅಂಗವನ್ನು ಬಿಡಿಸಿ ನೋಡಿ ಜಾತಿ ಹೇಳುತ್ತಾರೆ. ಹೆಣ್ಣುಗಳು ಒಂದರಂತೆ ಇನ್ನೊಂದು. ಗಂಡು ಸಿಗದಿದ್ದರೆ ಚೀಟಿಯ ಮೇಲೆ ಕುಟುಂಬದ ಹೆಸರು ಬರೆದು ಮುಂದಿನ ಜಾಗ ಖಾಲಿ ಬಿಡಬೇಕು. ಕೋಟೆಯ ಆವರಣದಲ್ಲಿ ನಾನು ಏನನ್ನೂ ಕೀಳಲಿಲ್ಲ. ಮೂರನ್ನೂ ಮತ್ತೆ ಅಣಬೆಯ ಅಡಿಗೆ ಹತ್ತಿಸಿ, ಟಿಪ್ಪಣಿ ಪುಸ್ತಕದಲ್ಲಿ ಬೇವಿನ ಮೋಟಿನ ಜಾಗ ಗುರುತು ಹಾಕಿಕೊಂಡು ಕೆಳಗಿಳಿದೆ. ಈ ಸೀಮೆ ಬಿಡುವುದರೊಳಗೆ ಒಂದು ಕೊಂಬಿನ ಗಂಡನ್ನು ಕಾಣಲೇಬೇಕು ಎಂಬ ಹಟ ಅಲ್ಲಿಂದ ಶುರುವಾಯಿತು.

ಯಾದಗಿರಿಯಿಂದ ಶಹಾಪುರಕ್ಕೆ ಹೊರಟ ಬಸ್ಸು ಊರು ಬಿಟ್ಟೊಡನೆ ಭೀಮೆಯನ್ನು ದಾಟಿತು. ಕೆಂಪು ನೀರು ದಡ ತುಂಬಿ ಹರಿಯುತ್ತಿತ್ತು. ಆಚೆಗೆ ಹತ್ತಿ, ತೊಗರಿ, ಮತ್ತೆ ಹತ್ತಿ. ಶಹಾಪುರ ಹತ್ತಿರವಾದಾಗ ಬೆಟ್ಟದ ಸಾಲು ಮಲಗಿದ ಬುದ್ಧನಾಯಿತು. ಹಣೆ, ಮೂಗು, ಗಲ್ಲ, ಎದೆಯ ಮೇಲಿಟ್ಟ ಕೈ ಎಂದು ಪಕ್ಕದ ಸೀಟಿನ ಹುಡುಗಿ ಬೆರಳು ಮಾಡಿ ತೋರಿಸಿದಳು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ಕೃಷ್ಣೆ ಹರಿದ ಮೇಲೆ ಈ ಕಡೆಯ ನೆಲದ ಬಣ್ಣವೇ ಬೇರೆಯಾಗಿದೆ. ಜೋಳದ ಹೊಲಗಳಿದ್ದಲ್ಲಿ ಭತ್ತದ ಗದ್ದೆ. ನೀರು ಬಂದ ಕಡೆ ಬೂಷ್ಟು ಬರುತ್ತದೆ, ಬೂಷ್ಟು ಬಂದ ಕಡೆ ಅದನ್ನು ಮೇಯುವವರು ಬರುತ್ತಾರೆ. ನಾನು ಹುಡುಕುತ್ತಿದ್ದ ಎರಡನೆಯ ದುಂಬಿ ಕಾಡಿನದಲ್ಲ, ತರಕಾರಿ ಹೊಲದ್ದು.

ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಕಾಲೇಜಿದೆ. ಅದರಿಂದ ತುಸು ಆಚೆ, ರಸ್ತೆ ಬದಿಯ ಹೊಲದಲ್ಲಿ ಹೀರೆಬಳ್ಳಿಯ ಚಪ್ಪರ ಕಂಡು ಇಳಿದುಬಿಟ್ಟೆ. ಎಲೆಗಳ ಮೇಲೆ ಗೋಧಿಹಿಟ್ಟು ಚಿಮುಕಿಸಿದ ಹಾಗೆ ಬೂದಿ ರೋಗ. ಹೊಲದ ಒಡತಿ ಕುಡುಗೋಲು ಕೆಳಗಿಟ್ಟು ಬಂದರು.

"ಏನು ಹುಡ್ಕಲತ್ತೀರಿ ಅಕ್ಕಾರ?"

"ಹಳದಿ ಹುಳ ಇದ್ದಾವಾ ಅಂತ ನೋಡ್ತಿದ್ದೆ ಅವ್ವ. ಗುಲಗಂಜಿಯಷ್ಟು ದೊಡ್ಡವು."

"ಅಯ್ಯ, ಅವು ಬೇಕಾದಷ್ಟು ಅವರೀ. ಎಲಿ ತಿಂದು ಬಳ್ಳಿ ಹಾಳ್ ಮಾಡ್ಲತ್ತಾವ. ನಾಳಿಗಿ ಎಣ್ಣಿ ಹೊಡಿಬೇಕಂತ ಮಾಡೀನಿ."

ಅವರು ಒಂದು ಎಲೆಯನ್ನು ತಿರುವಿದರು. ಅಲ್ಲಿತ್ತು ಇಲಿಯಿಸ್ ಸಿಂಕ್ಟಾ. ನಿಂಬೆಹಣ್ಣಿನ ಬಣ್ಣದ, ಒಂದು ಚುಕ್ಕಿಯೂ ಇಲ್ಲದ ನುಣುಪು ಬೆನ್ನು. ಕೆನೆಬಣ್ಣದ ಕತ್ತಿನ ಪಟ್ಟಿಯ ಮೇಲೆ ಮಾತ್ರ ಎರಡು ಕರಿ ಬೊಟ್ಟು, ದೂರದಿಂದ ಕಣ್ಣೆಂದೇ ತೋರುತ್ತವೆ. ಲಿನೇಯಸನ ಶಿಷ್ಯ ಫ್ಯಾಬ್ರಿಷಿಯಸ್ ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಇದಕ್ಕೆ ಹೆಸರಿಟ್ಟ. ಡೆನ್ಮಾರ್ಕಿನವರ ವಸಾಹತಾಗಿದ್ದ ತರಂಗಂಬಾಡಿಯಿಂದ ಅವನ ಕೈಗೆ ಭಾರತದ ಹುಳುಗಳು ಹಡಗಿನಲ್ಲಿ ಹೋಗುತ್ತಿದ್ದ ಕಾಲ. ನಮ್ಮ ಕಾಲದಲ್ಲಿ ಜೆ. ಪೂರಣಿ ಅವರು 2002ರಲ್ಲಿ ಭಾರತ ಉಪಖಂಡದ ಗುಲಗಂಜಿ ಹುಳುಗಳ ಪಟ್ಟಿಯನ್ನು ಟಿಪ್ಪಣಿಸಹಿತ ಅಚ್ಚು ಮಾಡಿದರು. ನನ್ನಂಥವರು ಹೊಲದಲ್ಲಿ ನಿಂತು ಧೈರ್ಯವಾಗಿ ಹೆಸರು ಹೇಳುವಂತಾಗಿರುವುದು ಅಂಥ ಕೆಲಸದಿಂದ.

ಗುಲಗಂಜಿ ಹುಳುಗಳಲ್ಲಿ ಹೆಚ್ಚಿನವು ಗಿಡದ ಹೇನು ತಿನ್ನುವ ಬೇಟೆಗಾರರು. ಕೆಲವು ಎಲೆ ತಿನ್ನುತ್ತವೆ. ಇಲಿಯಿಸ್ ಮತ್ತು ಅದರ ಬಂಧುಗಳು ಈ ಎರಡೂ ದಾರಿ ಬಿಟ್ಟು ಬೂದಿ ರೋಗದ ಶಿಲೀಂಧ್ರವನ್ನು ನೆಚ್ಚಿಕೊಂಡಿವೆ. ಅವುಗಳ ದವಡೆಯ ತುದಿಯ ಹಲ್ಲಿನ ಉದ್ದಕ್ಕೂ ಇನ್ನೂ ಸಣ್ಣ ಹಲ್ಲುಗಳ ಸಾಲಿದೆ, ಬಾಚಣಿಗೆಯ ಹಾಗೆ. ಅದರಿಂದ ಎಲೆಯ ಮೇಲಿನ ಬಿಳಿ ನೂಲನ್ನೂ ಬೀಜಕಣವನ್ನೂ ಕೆರೆದು ತಿನ್ನುತ್ತವೆ. ಮಸೂರವನ್ನು ಆ ತಾಯಿಯ ಕೈಗೆ ಕೊಟ್ಟೆ. ಒಂದು ಮರಿ, ಹಳದಿಬಿಳುಪಿನ ಮೈಗೆ ಕರಿ ಚುಕ್ಕಿ ಸಾಲು, ಬೂದಿಯ ಮೇಲೆ ತಲೆಯಾಡಿಸುತ್ತ ಹೊರಟಿತ್ತು. ಅದು ಹೋದ ಹಿಂದೆ ಹಸಿರು ಹಾದಿ ಮೂಡುತ್ತಿತ್ತು, ನೆಲ ಸಾರಿಸಿದ ಹಾಗೆ.

ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಎಲಿಗಿ ತೂತೇ ಬಿದ್ದಿಲ್ಲಲ್ರೀ," ಎಂದರು ಕೊನೆಗೆ. "ಬೂದಿ ಅಷ್ಟೇ ನೆಕ್ಕಲತ್ತದ. ನಾ ಇದನ್ನೇ ಕೊಲ್ಲಾಕ ಹೊಂಟಿದ್ದೆ."

ಈ ಹುಳು ರೋಗವನ್ನು ಪೂರ್ತಿ ತೊಳೆದುಬಿಡುತ್ತದೆ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಬೂದಿ ಹೆಚ್ಚಾದರೆ ಗಂಧಕ ಬೇಕೇ ಬೇಕಾಗಬಹುದು. ಆದರೆ ಎಲೆ ತಿನ್ನುವ ಹುಳು ಎಂದುಕೊಂಡು ಇದಕ್ಕೆ ವಿಷ ಹೊಡೆಯುವುದು ಬೇಡ ಎಂದೆ. ಪಕ್ಕದ ಬೆಂಡೆಯ ಎಲೆಯಲ್ಲಿ ಇನ್ನೂ ಚಿಕ್ಕದಾದ ಸಂಬಂಧಿ ಸಿಕ್ಕಿತು, ಸೈಲೊಬೊರಾ ಬೈಸಾಕ್ಟೊನೊಟಾಟಾ. ಹೆಸರಿನ ಅರ್ಥ ಎರಡು ಎಂಟು ಗುರುತಿನದು ಎಂದು. ಹದಿನಾರು ಕಂದು ಚುಕ್ಕಿಗಳನ್ನು ಆ ತಾಯಿಯೇ ಒಂದೊಂದಾಗಿ ಎಣಿಸಿದರು. ಹೊರಡುವಾಗ ಎರಡು ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿ ಕೈಗಿಟ್ಟರು. ಬದುವಿನ ಮೇಲೆ ಕೂತು ತಿಂದೆ. ಆ ಪುಂಡಿಯ ಹುಳಿ ಇನ್ನೂ ನಾಲಿಗೆಯ ಮೇಲಿದೆ.

ಶಹಾಪುರದ ಹತ್ತಿರ ವಿಭೂತಿಹಳ್ಳಿ. ಬಯಲಿನಲ್ಲಿ ಗುಂಡುಗಲ್ಲುಗಳನ್ನು ಉದ್ದಕ್ಕೂ ಅಡ್ಡಕ್ಕೂ ಸಾಲು ಹಿಡಿದು ಇಟ್ಟಿದ್ದಾರೆ. ಇಟ್ಟವರು ಬೃಹತ್ ಶಿಲಾಯುಗದ ಜನ. ಸಾಲಿನ ನಡುವೆ ಕುರಿಗಳು ಮೇಯುತ್ತಿದ್ದವು. ಹಿಂದಿನ ರಾತ್ರಿಯ ಮಳೆಗೆ ಹಳೆಯ ಸಗಣಿಯ ಮೇಲೂ ಹುಲ್ಲಿನ ಬುಡದಲ್ಲೂ ನಾಯಿಕೊಡೆಗಳು ಎದ್ದಿದ್ದವು. ಇವು ಮರದಣಬೆಯ ಹಾಗೆ ವರ್ಷಗಟ್ಟಲೆ ನಿಲ್ಲುವವಲ್ಲ. ಬೆಳಿಗ್ಗೆ ಹುಟ್ಟಿ, ಮರುದಿನದ ಬಿಸಿಲಿಗೆ ಕರಗಿ ಮಸಿಯಾಗುವ ಜಾತಿ. ಮೊಣಕಾಲೂರಿ ಒಂದು ಕೊಡೆಯನ್ನು ಮಗುಚಿದೆ. ಪದರುಗಳ ನಡುವೆ ಕರಿ ದಾರದ ತುಂಡಿನಂಥ ಹತ್ತಾರು ಜೀವಗಳು ಬಾಲ ಎತ್ತಿ ಓಡಿದವು. ಗಿಡ್ಡ ರೆಕ್ಕೆಕವಚದ ಸ್ಟ್ಯಾಫಿಲಿನಿಡೇ ದುಂಬಿಗಳು. ಈ ಕುಟುಂಬದಲ್ಲಿ ಗೈರೋಫೀನಾ ಎಂಬ ಬಳಗವಿದೆ, ಹಸಿ ಅಣಬೆಯ ಪದರುಗಳನ್ನೇ ನಂಬಿ ಬದುಕುವ ಬಳಗ. ಅಣಬೆ ಬಾಳುವುದೇ ಕೆಲವು ದಿನವಾದ್ದರಿಂದ ಅದರ ಮರಿಗಳು ಆ ಕೆಲವು ದಿನದಲ್ಲೇ ಹೊಟ್ಟೆ ತುಂಬಿಸಿಕೊಂಡು ಮಣ್ಣಿಗಿಳಿಯುತ್ತವೆ. ನಾನು ನೋಡುತ್ತಿದ್ದಂತೆಯೇ ಬಿಸಿಲು ಚುರುಕಾಯಿತು, ಕೊಡೆಯ ಅಂಚು ಕಂದಿತು. ಒಂದು ಹೊಳೆಯುವ ದೋಣಿಯಾಕಾರದ ದುಂಬಿ, ಜಿನೀವಾದ ಲೋಬ್ಲ್ ಬಾಳಿನುದ್ದಕ್ಕೂ ಬೆನ್ನು ಹತ್ತಿದ ಸ್ಕ್ಯಾಫಿಡಿಯಿನೇ ಬಳಗದ್ದು, ಕೊಡೆಯ ಬುಡದಿಂದ ಹೊರಬಿದ್ದು ಎರಡು ಕ್ಷಣ ನಿಂತು ಹುಲ್ಲಿನೊಳಗೆ ಮಾಯವಾಯಿತು. ಈ ಬಯಲಿಗೆ ಮಾರ್ಚಿಯಲ್ಲಿ ಬಂದವರಿಗೆ ಇಲ್ಲಿ ಅಣಬೆ ದುಂಬಿಯೇ ಇಲ್ಲ ಎನಿಸಿದರೆ ಆಶ್ಚರ್ಯವಿಲ್ಲ.

ಈ ಕಲ್ಲುಗಳನ್ನು ಅಕ್ಕರೆಯಿಂದ ಅಳೆದು ಬರೆದವರಲ್ಲಿ ಮೊದಲಿಗರು ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಅಧಿಕಾರಿ. ಬೇಡ ನಾಯಕರ ಸಂಸ್ಥಾನದಲ್ಲಿ ಬಾಲಕ ರಾಜ ವೆಂಕಟಪ್ಪ ನಾಯಕರ ಪರವಾಗಿ ಆಡಳಿತ ನೋಡಿಕೊಂಡವರು. ಅವರ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ಗುಡ್ಡದ ಮೇಲಿದೆ. ಆ ಅಂಗಳದಿಂದ ಕಾಣುವ ಬಂಡೆಗಳ ಸಮುದ್ರವನ್ನು ನೋಡಿದರೆ ಒಬ್ಬ ಮನುಷ್ಯ ಅಷ್ಟು ವರ್ಷ ಇಲ್ಲಿ ಏಕೆ ಮನಸ್ಸಿಟ್ಟ ಎಂಬುದು ತಿಳಿಯುತ್ತದೆ. ಅದೇ ವೆಂಕಟಪ್ಪ ನಾಯಕರು ಬ್ರಿಟಿಷರ ಮೇಲೆ ತಿರುಗಿಬಿದ್ದು 1858ರಲ್ಲಿ ತೀರಿಕೊಂಡ ಕಥೆಯನ್ನು ಸುರಪುರದಲ್ಲಿ ಯಾರನ್ನು ಕೇಳಿದರೂ ಕಣ್ಣೆದುರು ನಡೆದಂತೆ ಹೇಳುತ್ತಾರೆ.

ನನಗೆ ಸುರಪುರದಲ್ಲಿ ಬೇಕಾಗಿದ್ದದ್ದು ಜೋಳದ ಹಗೇವು, ನೆಲದೊಳಗೆ ಕಾಳು ಕೂಡಿಡುವ ಗುಂಡಿ. ಕೇಳುತ್ತ ಹೋಗಿ ಒಂದು ಹಳೆಯ ವಾಡೆಗೆ ತಲುಪಿದೆ. ಪಡಸಾಲೆಯ ಮೂಲೆಯಲ್ಲಿ ಚಪ್ಪಡಿ ಮುಚ್ಚಿದ ಬಾಯಿ. ಮನೆಯ ಹಿರಿಯರು, ಎಂಬತ್ತು ದಾಟಿದ ಅಜ್ಜ, ಊರುಗೋಲಿನಿಂದ ಚಪ್ಪಡಿಯನ್ನು ಕುಟ್ಟಿ ತೋರಿಸಿದರು. ಈಗ ಅದರಲ್ಲಿ ಜೋಳ ತುಂಬುವುದಿಲ್ಲ. ಅವರ ಚಿಕ್ಕಂದಿನಲ್ಲಿ ಕಿರಿದು ಬಾಯಿ, ಅಗಲ ಹೊಟ್ಟೆಯ ಈ ಗುಂಡಿಗೆ ಸುತ್ತ ಕಣಕಿ ಹಾಸಿ ಬಿಳಿಜೋಳ ಸುರಿದು, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಬರ ಬಂದ ವರ್ಷ ಬಿಚ್ಚುವುದು.

"ಬಿಚ್ಚಿದ ಕೂಡ್ಲೆ ಇಳಿಬಾರ್ದವಾ. ಒಂದ್ ದಿನ ಬಾಯಿ ತೆರೆದ್ ಬಿಡಬೇಕು. ಆಮ್ಯಾಲ ಕಂದೀಲ ಕಟ್ಟಿ ಇಳಿಬಿಡೂದು. ಕಂದೀಲ ಆರಿತು ಅಂದ್ರ ಒಳಗ ಜೀವ ಹೊಕ್ರ ಹೊರಗ ಬರಂಗಿಲ್ಲ. ನಮ್ಮ ಮುತ್ಯಾ ಅಂತಿದ್ದ, ಹಗೇದಾಗ ಜ್ವಾಳಾನೂ ಉಸಿರಾಡ್ತದ ಅಂತ."

ಮುತ್ಯಾ ಹೇಳಿದ್ದು ನಿಜ. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಕಾಳು ಕೊರೆಯುವ ಹುಳು ಆ ಗಾಳಿಯಲ್ಲಿ ಸಾಯುತ್ತದೆ. ನಡುವಿನ ಜೋಳ ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಗೋಡೆಗೆ ತಾಗಿದ್ದು, ಬಾಯಿಯ ಹತ್ತಿರದ್ದು ತೇವ ಎಳೆದುಕೊಂಡು ಮುಗ್ಗುತ್ತದೆ. ಅಂಥ ಮುಗ್ಗಿದ ಜೋಳ ಈಗಲೂ ಇದೆಯೇ ಎಂದೆ. ಅಜ್ಜ ಸೊಸೆಯನ್ನು ಕರೆದರು. ಹಿತ್ತಲಿನ ಕೋಣೆಯಲ್ಲಿ, ಮಾಳಿಗೆ ಸೋರಿದ ಮೂಲೆಯಲ್ಲಿ, ದನಕ್ಕೆಂದು ಇಟ್ಟ ಅರ್ಧ ಚೀಲವಿತ್ತು.

ಒಂದು ಬೊಗಸೆ ಜೋಳವನ್ನು ಬಿಳಿ ತಟ್ಟೆಗೆ ಸುರಿದೆ. ಹಸಿರುಬೂದಿ ಬಣ್ಣದ ಬೂಷ್ಟು ಮೆತ್ತಿದ ಕಾಳುಗಳ ನಡುವಿನಿಂದ ಎರಡು ಬಗೆಯ ದುಂಬಿ ಹೊರಟವು. ಒಂದು ಕಂದು, ಮೈತುಂಬ ರೇಷ್ಮೆಗೂದಲು: ಟೈಫಿಯಾ ಸ್ಟರ್ಕೋರಿಯಾ. 1758ರಲ್ಲಿ ಲಿನೇಯಸನೇ ಹೆಸರಿಟ್ಟದ್ದು. ಸ್ಟರ್ಕೋರಿಯಾ ಎಂದರೆ ಸಗಣಿಯದು ಎಂದು ಅರ್ಥ. ಪಾಪ, ಈ ಹುಳು ಬದುಕುವುದು ಬೂಷ್ಟು ತಿಂದು. ಇನ್ನೊಂದು ಇನ್ನೂ ಚಪ್ಪಟೆ, ಕತ್ತಿನ ಮುಂದಿನ ಎರಡು ಮೂಲೆಗಳಲ್ಲಿ ಗುಬಟಿನಂಥ 'ಹಲ್ಲು': ಅಹಸ್ವೆರಸ್ ಅಡ್ವೆನಾ. ಅಡ್ವೆನಾ ಎಂದರೆ ಪರದೇಶಿ. ಈ ಎರಡೂ ಗಟ್ಟಿ ಕಾಳನ್ನು ಕೊರೆಯುವುದಕ್ಕೆ ಬಂದವಲ್ಲ, ಒದ್ದೆ ಕಾಳಿನ ಮೇಲಿನ ಬೂಷ್ಟನ್ನು ಮೇಯುತ್ತವೆ. ಚೀಲದಲ್ಲಿ ಇವು ಕಂಡರೆ ಜೋಳಕ್ಕೆ ತೇವ ತಗಲಿದೆ ಎಂದೇ ಅರ್ಥ. ಹಡಗು, ರೈಲು, ಬಂಡಿ ಹತ್ತಿ ಮನುಷ್ಯನ ಧಾನ್ಯದ ಜೊತೆಗೆ ಲೋಕವೆಲ್ಲ ಹರಡಿವೆ. ಲಂಡನ್ನಿನ ಉಗ್ರಾಣದಲ್ಲಿ ಇರುವವೂ ಇವೇ, ಸುರಪುರದ ಹಿತ್ತಲಿನಲ್ಲಿ ಇರುವವೂ ಇವೇ. ಕೋಟೆಯ ಬೇವಿನಲ್ಲಿ ನೋಡಿದ್ದು ಬೇರೆ ಬಗೆ. ಒಂದು ಸತ್ತ ಮರದಿಂದ ಇನ್ನೊಂದಕ್ಕೆ ತನ್ನ ರೆಕ್ಕೆಯಿಂದಲೇ ದಾಟಬೇಕಾದವು. ದುಂಬಿಗಳ ಹರವು ಎಂದು ಪುಸ್ತಕದಲ್ಲಿ ಒಂದೇ ಪದದಲ್ಲಿ ಹೇಳುವುದರೊಳಗೆ ಇಷ್ಟು ದೂರವಾದ ಎರಡು ಬಾಳುಗಳಿವೆ.

"ಇಷ್ಟು ಸಣ್ಣ ಹುಳಕ್ಕ ಹೆಸರ ಇಟ್ಟಾರೇನು?" ಎಂದರು ಅಜ್ಜ. ಇಟ್ಟಿದ್ದಾರೆ ಅಜ್ಜ, ಇನ್ನೂರೈವತ್ತು ವರ್ಷಕ್ಕೂ ಹಿಂದೆಯೇ ಇಟ್ಟಿದ್ದಾರೆ ಎಂದೆ. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಗೌರವದಿಂದ ನೋಡಿದರು.

ಹುಣಸಗಿಯಲ್ಲಿ ಒಂದು ದಿನ ಮಾತ್ರ ಇದ್ದೆ. ಅಲ್ಲಿನ ಇಸಾಂಪುರದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಆದಿಮಾನವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಅಗೆದರು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಅದೇ ಹುಣಸಗಿಯ ಕಟ್ಟಿಗೆ ಅಡ್ಡೆಯಲ್ಲಿ ಹೊಸದಾಗಿ ಕಡಿದ ಮಾವಿನ ದಿಮ್ಮಿಯ ಮೈಮೇಲೆ ಶಾವಿಗೆಯ ಎಳೆಯಂಥ ಬಿಳಿ ಪುಡಿ ಹೊರಚಾಚಿತ್ತು. ಒಳಗೆ ಅಂಬ್ರೋಸಿಯಾ ದುಂಬಿ ಸುರಂಗ ತೋಡುತ್ತಿರುವ ಗುರುತು. ತಾಯಿ ತನ್ನ ಮೈಯಲ್ಲಿರುವ ಪುಟ್ಟ ಚೀಲದಲ್ಲಿ ಶಿಲೀಂಧ್ರದ ಬೀಜ ತರುತ್ತದೆ, ಸುರಂಗದ ಗೋಡೆಗೆ ಬಿತ್ತುತ್ತದೆ, ಅದು ಬೆಳೆದ ಮೇಲೆ ಮರಿಗಳು ಮೇಯುತ್ತವೆ. 1836ರಲ್ಲಿ ಶ್ಮಿಡ್ಬರ್ಗರ್ ಎಂಬಾತ ಸುರಂಗದ ಗೋಡೆಯ ಆ ಬಿಳಿ ಲೇಪವನ್ನು ನೋಡಿ, ಅದು ಶಿಲೀಂಧ್ರವೆಂದು ತಿಳಿಯದೆಯೇ, ದೇವತೆಗಳ ಊಟದ ಹೆಸರಿಟ್ಟ. ನಮ್ಮ ಮಾತಿನಲ್ಲಿ ಅಮೃತ. ಮನುಷ್ಯ ಇಲ್ಲಿ ಕಲ್ಲು ಒಡೆಯುವುದಕ್ಕೂ ಕೋಟಿಗಟ್ಟಲೆ ವರ್ಷ ಮೊದಲೇ ಈ ದುಂಬಿಗಳ ವಂಶ ಬೇಸಾಯ ಕಲಿತಿತ್ತು. ಅಡ್ಡೆಯ ಎದುರಿನ ಹುತ್ತದೊಳಗೆ ಒರಲೆಗಳು ಮಾಡುತ್ತಿರುವುದೂ ಅದೇ ಅಣಬೆ ಬೇಸಾಯ.

ಕೊಂಬಿನ ಗಂಡು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಕೊನೆಯ ದಿನ ಸುರಪುರದ ಹೊರಗೆ ಒಬ್ಬ ರೈತರ ಹೊಲದಲ್ಲಿ, ಗಾಳಿಗೆ ಬಿದ್ದ ಹುಣಸೆಮರ ಕಂಡಿತು. ಮೈತುಂಬ ತೆಳು ತೆಳು ಮರದಣಬೆಗಳು, ಮೀನಿನ ಹುರುಪೆಯ ಹಾಗೆ. ಆಕ್ಸ್‌ಫರ್ಡಿನ ವೈದಮ್ ಕಾಡಿನಲ್ಲಿ ಕೆಲಸ ಮಾಡಿದ ಕ್ಯಾಥಲೀನ್ ಪೇವಿಯರ್-ಸ್ಮಿತ್ 1960ರಲ್ಲಿ ತೋರಿಸಿದ ಸಂಗತಿಯೊಂದಿದೆ: ಸಿಯಿಡೇ ದುಂಬಿಗಳಲ್ಲಿ ಒಂದು ಗುಂಪಿಗೆ ತೆಳು ಅಣಬೆ ನೆಲೆ, ಇನ್ನೊಂದಕ್ಕೆ ದಪ್ಪ ಗಟ್ಟಿ ಅಣಬೆ ನೆಲೆ. ಅಕ್ಕಪಕ್ಕದ ಅಣಬೆಗೆ ಹೋಗಿಬಂದು ಮಾಡಿದರೂ ಅವು ನಿಂತು ಬೆಳೆಯುವುದು ತಮ್ಮ ನೆಲೆಯಲ್ಲೇ. ನಾನು ಮಕ್ಕಳಿಗೆ ಪಾಠ ಹೇಳುವಾಗ ಅದನ್ನು ತವರು ಎನ್ನುತ್ತೇನೆ. ಬೇವಿನಲ್ಲಿ ನೋಡಿದ್ದು ದಪ್ಪ ಅಣಬೆ, ಇದು ತೆಳು. ಇಲ್ಲಿನ ವಾಸಿಗಳು ಬೇರೆ ಜಾತಿಯೇ ಇರಬಹುದು.

ತಟ್ಟಿದರೆ ಹಿಟ್ಟು ಬಿತ್ತು, ದುಂಬಿ ಬೀಳಲಿಲ್ಲ. ಒಂದನ್ನು ಮುರಿದು ನೋಡಿದೆ. ಒಳಗೆ ಬಿಳಿ ಮರಿಗಳು, ಅಕ್ಕಿನುಚ್ಚಿನಷ್ಟು. ಬೆಳೆಯುವ ತನಕ ಕಾಯಬೇಕು. ರೈತರ ಅಪ್ಪಣೆ ಕೇಳಿ ನಾಲ್ಕು ಅಣಬೆಗಳನ್ನು ಬಿಡಿಸಿಕೊಂಡು ಉಳಿದವನ್ನು ಮರದಲ್ಲೇ ಬಿಟ್ಟೆ. "ಒಲಿಗಿ ಹಾಕೂ ಮೊದಲ ನಿಮಗ ಹೇಳ್ತೀನ್ರಿ ಅಕ್ಕಾರ," ಎಂದರು ಅವರು. ಸೀಸದಕಡ್ಡಿಯಲ್ಲಿ ಚೀಟಿ ಬರೆದೆ: ಸುರಪುರ, ಬಿದ್ದ ಹುಣಸೆ, ತೆಳು ಮರದಣಬೆ, ತಾರೀಖು. ಶಾಯಿಯಲ್ಲಿ ಬರೆದರೆ ತೇವಕ್ಕೂ ಸ್ಪಿರಿಟ್ಟಿಗೂ ಕದಡುತ್ತದೆ. ಜಾಗ, ತಾರೀಖು, ಯಾವ ಮರ, ಯಾವ ಅಣಬೆ ಎಂಬ ಮಾತಿಲ್ಲದ ಹುಳುವನ್ನು ಎಷ್ಟು ಚೆನ್ನಾಗಿ ಕಾಪಾಡಿಟ್ಟರೂ ಅದರಿಂದ ನಕ್ಷೆಗೆ ಒಂದು ಚುಕ್ಕಿಯೂ ಸಿಗುವುದಿಲ್ಲ.

ಮನೆಗೆ ಬಂದು ಅಣಬೆಗಳನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಎಲ್ಲ ಸಂದಿಗೂ ಟೇಪು ಅಂಟಿಸಿದೆ. ಒಂದು ಮಗ್ಗುಲಿಗೆ ತೂತು ಕೊರೆದು ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿನ ಕಡೆಗೆ ಸಿಕ್ಕಿಸಿದೆ. ಕತ್ತಲ ಡಬ್ಬಿಯಲ್ಲಿ ದೊಡ್ಡದಾದ ದುಂಬಿ ಬೆಳಕನ್ನು ಹುಡುಕಿ ನಳಿಕೆಗೆ ಬರುತ್ತದೆ. ಎರಡು ದಿನಕ್ಕೊಮ್ಮೆ ಒಂದು ಹನಿ ನೀರು ಚಿಮುಕಿಸುತ್ತಿದ್ದೆ. ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ಕಿವಿಗೊಟ್ಟರೆ ಡಬ್ಬಿಯೊಳಗೆ ಏನೋ ಕೆರೆಯುವ ಸದ್ದು ಕೇಳಿದಂತಾಗುತ್ತಿತ್ತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ನಳಿಕೆಯ ತುದಿಯಲ್ಲಿ ಒಂದು ಕಂದು ಕಣ ನಿಂತಿತ್ತು. ಮಸೂರ ತಂದೆ. ಒಂದೂವರೆ ಮಿಲಿಮೀಟರ್, ಮೈಯ ಬಣ್ಣ ಇನ್ನೂ ಹಣ್ಣಾಗಿಲ್ಲ, ಮೀಸೆ ಆಡಿಸುತ್ತ ಗಾಜಿನ ಆಚೆಯ ಬೆಳಕಿಗೆ ಮುಖ ಮಾಡಿದೆ. ನಳಿಕೆಯನ್ನು ಮೆಲ್ಲಗೆ ತಿರುಗಿಸಿದೆ. ಹಣೆಯ ಮೇಲೆ, ಅಕ್ಕಪಕ್ಕ, ಎರಡು ಪುಟ್ಟ ಕೊಂಬು.